ಕಿರುಬೆರಳು ಒತ್ತಿದರೆ

ಆ ರಾತ್ರಿ ನನ್ನ ಚಿಕ್ಕಮ್ಮನ ಮಗಳು ಕಾಲೇಜಿನಿಂದ ಒಬ್ಬಳೇ ಬರುತ್ತಿದ್ದಳು. ದಾರಿಯಲ್ಲಿ ಕಬ್ಬಿಣದ ಜಾಲರಿ ಮುಚ್ಚಿದ ಹಾಳು ಬಾವಿ. ಅದನ್ನು ದಾಟುವಾಗ ಎಡಗೈ ಕಿರುಬೆರಳನ್ನು ಯಾರೋ ಒತ್ತಿದ ಹಾಗಾಯಿತು... ಮೆತ್ತಗೆ, ಒಂದೇ ಸಲ. ತಿರುಗಿ ನೋಡಿದಳು. ಯಾರೂ ಇಲ್ಲ. ಆದರೆ ಒತ್ತಿದ್ದು ಯಾರೆಂದು ಅವಳಿಗೆ ಗೊತ್ತಿತ್ತು.

ನಾನು ಆ ಕಾಲಕ್ಕೇ ಪದವಿ ಮುಗಿಸಿದವಳು. ಕಾಗೆ ಹಾರಿತು ಎಂದರೆ ಯಾವ ಕೊಂಬೆಯಿಂದ ಎಂದು ಕೇಳಿ ಬರೆದಿಡುವ ಪೈಕಿ. ಹಾಗಾಗಿ ಇದಕ್ಕೆ ಉಪ್ಪುಖಾರ ಹಚ್ಚಿಲ್ಲ.

ಹುಡುಗಿ ನಮ್ಮ ಮನೆಯಲ್ಲೇ ಇದ್ದು ಓದುತ್ತಿದ್ದಳು. ಅವಳ ಹೆಣ್ಣುಮಕ್ಕಳ ಕಾಲೇಜಿನಲ್ಲೊಂದು ಹಾಡುವ ಗುಂಪು. ಹತ್ತು ಮಂದಿ. ಪಿಟೀಲಿಲ್ಲ, ಹಾರ್ಮೋನಿಯಂ ಇಲ್ಲ, ಬರೀ ಗಂಟಲು. ಎಂಟು ಮಂದಿ ಮೇಲುದನಿಯಲ್ಲಿ ಹಾಡುತ್ತಿದ್ದರೆ ಇಬ್ಬರು ಕೆಳದನಿಯಲ್ಲಿ ಒಂದೇ ಸ್ವರವನ್ನು 'ಊಂ...' ಎಂದು ಹಿಡಿದಿರಬೇಕು. ಅದು ಕಡಿಯಿತೋ, ಹಾಡೆಲ್ಲ ಕುಸಿಯಿತು. ಆ ಇಬ್ಬರು ನಮ್ಮ ಹುಡುಗಿ ಮತ್ತು ಅವಳ ಗೆಳತಿ ಕುಳ್ಳಿ. ಮೂರಡಿ ಮೈಗೆ ಆರಡಿ ದನಿ ಎಂದು ಎಲ್ಲರೂ ಕುಳ್ಳಿಯನ್ನು ರೇಗಿಸುತ್ತಿದ್ದರು.

ಇಬ್ಬರೂ ಒಟ್ಟಿಗೆ ಉಸಿರೆಳೆಯುವ ಹಾಗಿಲ್ಲ. ಅದಕ್ಕೇ ಕಿರುಬೆರಳು ಹೆಣೆದುಕೊಂಡು ನಿಲ್ಲುತ್ತಿದ್ದರು. ಒಬ್ಬಳು ಒತ್ತಿದರೆ, ನಾನು ಉಸಿರು ತಗೊಳ್ತೀನಿ, ನೀನು ಬಿಡಬೇಡ ಎಂದರ್ಥ. ನಮ್ಮ ಅಡುಗೆಮನೆಯಲ್ಲೂ ಇದೇ ಅಭ್ಯಾಸ. ಒಬ್ಬಳ ದನಿಗೆ ಏನೂ ಆಗುತ್ತಿರಲಿಲ್ಲ. ಇಬ್ಬರದೂ ಕೂಡಿದರೆ ಮಾತ್ರ ನೀರಿನ ಕೊಡದ ಮೇಲಿನ ತಟ್ಟೆ 'ಟಿರ್ರ್...' ಎಂದು ನಡುಗುತ್ತಿತ್ತು. ಪಾತ್ರೆಗಳನ್ನಾದರೂ ಬದುಕಗೊಡ್ರೇ ಎಂದು ನಾನು ಗದರುತ್ತಿದ್ದೆ.

ಕುಳ್ಳಿ ಎದೆಯ ಕಾಯಿಲೆ ಬಂದು ತೀರಿಕೊಂಡಳು.

ಸ್ಪರ್ಧೆ ಹತ್ತಿರವಿತ್ತು. ಹಾಡಿಸುವ ಮೇಡಂ ಆ ಜಾಗಕ್ಕೆ ಬೇರೊಬ್ಬಳನ್ನು ಹಾಕುತ್ತೇನೆ ಎಂದರು. ಇವಳು ಒಪ್ಪಲಿಲ್ಲ, ಜಾಗ ಖಾಲಿ ಇರಲಿ, ನಾನೊಬ್ಬಳೇ ಹಿಡಿಯುತ್ತೇನೆ ಎಂದಳಂತೆ. ಆ ಸಂಜೆ ಅಭ್ಯಾಸದಲ್ಲಿ, ಹಾಡಿನ ನಡುವೆ ಉಸಿರು ಮುಗಿಯಿತು... ರೂಢಿ ನೋಡಿ, ಪಕ್ಕದ ಬರಿಗಾಳಿಯಲ್ಲಿ ಕಿರುಬೆರಳು ಒತ್ತಿಬಿಟ್ಟಳು. ಉಸಿರೆಳೆದಳು.

ಸ್ವರ ಕಡಿಯಲಿಲ್ಲ.

ಎಂಟೂ ಹುಡುಗಿಯರು ಕೇಳಿದ್ದಾರೆ. ಮೇಡಂ ಎತ್ತಿದ ಕೈ ಎತ್ತಿದ ಹಾಗೇ ನಿಂತಿತಂತೆ.

ಅದೇ ರಾತ್ರಿ, ಬಾವಿಯ ಹತ್ತಿರ, ಒತ್ತುವ ಸರದಿ ಕುಳ್ಳಿಯದು. ಇವಳು ನಿಂತಲ್ಲೇ 'ಊಂ...' ಎಂದು ಹಿಡಿದಳು. ಮನೆಗೆ ಬಂದಾಗ ತುಟಿ ನೀಲಿಗೆ ತಿರುಗಿತ್ತು.

ಆಮೇಲೆ ಹೊತ್ತುಗೊತ್ತು ಉಳಿಯಲಿಲ್ಲ. ಊಟಕ್ಕೆ ಕೂತಾಗ, ತಲೆ ಬಾಚುವಾಗ, ಮಾತಿನ ನಡುವೆ... 'ಊಂ...' ಡಾಕ್ಟರು ಎದೆ ಚೆನ್ನಾಗಿದೆ ಎಂದರು. ಚಿಕ್ಕಮ್ಮ ಊರಿಂದ ಬಂದು ಬೆರಳಿಗೆ ದಪ್ಪ ಬಟ್ಟೆ ಸುತ್ತಿದರು. ನಾನು ಅದನ್ನು ಮುಷ್ಟಿಯಲ್ಲಿ ಹಿಡಿದು ಕೂತೆ. ನನ್ನ ಮುಷ್ಟಿಯೊಳಗೇ ಆ ಬೆರಳು ಒತ್ತಿಸಿಕೊಂಡಿತು. ನನ್ನ ಕೈ ಅಲುಗಿರಲಿಲ್ಲ.

ಕೊನೆಯ ರಾತ್ರಿ, ಸ್ವಲ್ಪ ಬಿಡುವು ಸಿಕ್ಕಾಗ, ಕಿವಿಯ ಹತ್ತಿರ ಬಾಗಿ ಹೇಳಿದೆ.

"ಈ ಸಲ ಒತ್ತಿದರೆ ಹಿಡೀಬೇಡ ಕಣೇ. ಬಿಟ್ಟುಬಿಡು."

"ಬಿಟ್ರೆ ಅವಳು ಪೂರ್ತಿ ಹೋಗ್ತಾಳೆ ಅಕ್ಕಾ."

"ಹೋದವಳೇ ಅಲ್ವೇನೇ ಅವಳು?"

ಬಟ್ಟೆ ಸುತ್ತಿದ ಬೆರಳನ್ನು ಎದೆಗವಚಿಕೊಂಡಳು. ಆಮೇಲೆ ಪಿಸುಗುಟ್ಟಿದಳು.

"ಉಸಿರು ಎಳೀತಾನೇ ಇರ್ತಾಳೆ... ಸತ್ತವಳ ಎದೆ ತುಂಬೋದು ಯಾವಾಗ ಅಕ್ಕಾ?"

ಬೆರಳು ಕುಗ್ಗಿತು. ಅವಳು ಹಿಡಿದಳು. 'ಊಂ...' ನಾನು ಭುಜ ಅಲುಗಿಸಿದೆ, ಬಾಯಿ ಬಿಡಿಸಲು ನೋಡಿದೆ, ಕಾಲಿಗೆ ಬೀಳುತ್ತೇನೆ ಎಂದೂ ಹೇಳಿದೆ. ದನಿ ದಾರದಷ್ಟಾಯಿತು. ಕೂದಲಿನಷ್ಟಾಯಿತು. ನಿಂತಿತು.

ಚಿಕ್ಕಮ್ಮ ಇನ್ನೂ ಅತ್ತಿರಲಿಲ್ಲ, ಅಷ್ಟರಲ್ಲಿ ಅಡುಗೆಮನೆಯಿಂದ... ಟಿರ್ರ್...

ಬೆಳಗಾಗುವವರೆಗೂ ನಿಲ್ಲಲಿಲ್ಲ. ಒಬ್ಬಳ ದನಿಗೆ ಆ ತಟ್ಟೆ ಎಂದೂ ಅಲುಗಿದ್ದಿಲ್ಲ. ಕೊನೆಗೆ ನಾನೇ ಎದ್ದು ಹೋಗಿ ಅದನ್ನು ತೆಗೆದು ನೆಲದ ಮೇಲೆ ಮಗುಚಿಟ್ಟೆ. ಈ ಕೈಯಿಂದಲೇ ಇಟ್ಟದ್ದು.

ನಮ್ಮ ಮನೆ ಕೊಡಕ್ಕೆ ಇವತ್ತಿಗೂ ಬಟ್ಟೆಯನ್ನೇ ಮುಚ್ಚುತ್ತೇನೆ. ನೀವೇ ನೋಡಿದ್ದೀರಲ್ಲ.