ಅವಸರ ಬೇಕೆ, ಬೇಡವೆ?

ಕನ್ನಡ ಕೂಟದ ಅಧ್ಯಕ್ಷರಾದ ಜಗನ್ನಾಥ ಅವರೇ, ಗುರುಗ್ರಾಮದ ಟ್ರಾಫಿಕ್ ದಾಟಿಯೂ ಹೊತ್ತಿಗೆ ಸರಿಯಾಗಿ ಬಂದಿರುವ ಅತಿಥಿಗಳೇ, ಇಂದಿನ ಸನ್ಮಾನಿತರಾದ ರಾಕೆಟ್ ವಿಜ್ಞಾನಿ ಧಾರಿಣಿಯವರೇ, ಅಡುಗೆಮನೆಯಿಂದ ಬರುತ್ತಿರುವ ಬಿಸಿಬೇಳೆಬಾತಿನ ಪರಿಮಳವನ್ನು ತಡೆದುಕೊಂಡು ಕುಳಿತಿರುವ ಸಭಿಕರೇ,

ನಾನು ವೆಂಕಟಸುಬ್ಬಯ್ಯ. ಇದೇ ದೆಹಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತನಾದವನು. ರಾಕೆಟ್ ಎಂಜಿನ್ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ: ಅದು ಕೆಳಗೆ ಬೆಂಕಿ ಉಗುಳುತ್ತದೆ, ಮೇಲಕ್ಕೆ ಹೋಗುತ್ತದೆ. ಅಂಥವನನ್ನು ಅಭಿನಂದನಾ ಭಾಷಣಕ್ಕೆ ಏಕೆ ಕರೆದರು? "ಅವರು ಮಾತಾಡಿದ್ರೆ ಮಾತ್ರ ಶಾಲು ಹೊದ್ಕೋತೀನಿ" ಎಂದು ಧಾರಿಣಿಯವರು ಹಟ ಹಿಡಿದರಂತೆ. ಮುಂದಿನ ಸಾಲಿನಲ್ಲಿರುವ ನನ್ನ ಹೆಂಡತಿ ಸುಶೀಲಾಗೆ ಇನ್ನೂ ನಂಬಿಕೆ ಬಂದಂತಿಲ್ಲ, ನೋಡಿ.

ಕೆಲವು ವರ್ಷಗಳ ಹಿಂದಿನ ಮಾತು. ದೇಶದ ರಕ್ಷಣೆಗೆಂದು ಹಾರಿಸುವ ಉಪಗ್ರಹಗಳ ರಾಕೆಟ್ಟಿಗೆ ವಿದೇಶಿ ಎಂಜಿನ್ ಬಳಸಬಹುದೆ, ಬಾರದೆ? ಇದನ್ನು ತೀರ್ಮಾನಿಸಲು ಒಂದು ಸಮಿತಿ. ಹೊರಗಿನ ಎಂಜಿನ್ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಆದರೆ ಮೇಲೆ ಏನು ಕಳಿಸುತ್ತೀರಿ ಎಂದು ಮಾರುವವರಿಗೆ ಮೊದಲೇ ತಿಳಿಸಬೇಕಂತೆ! ಸ್ವಾಮಿ, ಬೀಗ ಕೊಳ್ಳುವಾಗ ಪೆಟ್ಟಿಗೆಯಲ್ಲಿ ಏನಿದೆ ಎಂದು ಅಂಗಡಿಯವನಿಗೆ ಯಾರಾದರೂ ಹೇಳುತ್ತಾರೆಯೇ? ನಮ್ಮ ಕಡೆ ಇದ್ದದ್ದು ಧಾರಿಣಿಯವರ ತಂಡದ ಎಂಜಿನ್. ಅದು ಪರೀಕ್ಷೆಯಲ್ಲಿ ಎರಡು ಸಲ ಸುಟ್ಟುಹೋಗಿತ್ತು. ಇನ್ನೊಂದು ಪರೀಕ್ಷೆಗೆ ಒಪ್ಪಿಗೆ ಸಿಗದಿದ್ದರೆ ಆ ಕೆಲಸವನ್ನೇ ನಿಲ್ಲಿಸಿ, ಹೊರಗಿನದಕ್ಕೆ ಸಹಿ ಹಾಕುವುದು ಎಂದಾಗಿತ್ತು.

ನಾನು ಗೋಡೆ ಬದಿಯ ಕುರ್ಚಿಯಲ್ಲಿ ಕೂತು ನಡಾವಳಿ ಬರೆಯುತ್ತಿದ್ದೆ. ಬರೆಯುವುದಷ್ಟೇ ನನ್ನ ಕೆಲಸ. ಮಾತು? ಇಲ್ಲವೇ ಇಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಕ್ಯಾಂಟೀನಿನಲ್ಲಿ "ಹಮಾರೇ ಪಿತಾಜೀ ವ್ಯವಸಾಯ ಕರ್ತೇ ಹೈಂ" ಎಂದೆ. "ಅಚ್ಛಾ! ದುಕಾನ್ ಕಹಾಂ ಹೈ?" ಎಂದು ಕೇಳಿದರು. ಹಿಂದಿಯಲ್ಲಿ ವ್ಯವಸಾಯ ಎಂದರೆ ವ್ಯಾಪಾರ ಎಂದು ನನಗೇನು ಗೊತ್ತು? ಅಂಗಡಿ ಇಲ್ಲ, ಎರಡು ಎತ್ತು ಇವೆ ಎಂದೆ. ನಕ್ಕರು ನೋಡಿ, ಇಡೀ ಕ್ಯಾಂಟೀನು! ಅಂದು ಮುಚ್ಚಿದ ಬಾಯಿ. ಪ್ರಮೋಷನ್ ತಪ್ಪಿದಾಗಲೂ ತೆರೆಯಲಿಲ್ಲ. ಇರಲಿ, ಅದು ಇಲ್ಲಿಗೆ ಬೇಡ.

ಆವತ್ತು ಸಮಿತಿಯ ಅಧ್ಯಕ್ಷರು, ಒಳ್ಳೆಯ ಮನುಷ್ಯ, ಇಂಗ್ಲಿಷಿನಿಂದ ಹಿಂದಿಗೆ ಹೊರಳಿ ಕೇಳಿದರು: "ತೋ ಮೇಡಂ, ಆಪ್ ಕೋ ಏಕ್ ಔರ್ ಅವಸರ್ ಚಾಹಿಯೇ?"

ಧಾರಿಣಿಯವರು ಚಿತ್ರದುರ್ಗದಲ್ಲಿ ಬೆಳೆದವರು, ಹಿಂದಿ ಅಷ್ಟಕ್ಕಷ್ಟೇ. ಬೇಗ ಬೇಗ ಎಂದು ಎಲ್ಲರೂ ಪೀಡಿಸಿ ಪೀಡಿಸಿಯೇ ಎಂಜಿನ್ ಸುಟ್ಟಿತ್ತು ಎಂಬ ಸಿಟ್ಟು ಬೇರೆ ಇತ್ತು. ಮೇಜು ಕುಟ್ಟಿ ಹೇಳಿಯೇಬಿಟ್ಟರು: "ನಹೀಂ ಸರ್! ಅವಸರ್ ಬಿಲ್ಕುಲ್ ನಹೀಂ ಚಾಹಿಯೇ!"

ಅಧ್ಯಕ್ಷರು ಮುಖ ಸಣ್ಣದು ಮಾಡಿಕೊಂಡು "ಅಚ್ಛಾ, ತೋ ಬಾತ್ ಖತಮ್" ಎಂದು ಹೊರಗಿನ ಎಂಜಿನ್ನಿಗೆ ಸಹಿ ಹಾಕಲು ಪೆನ್ನು ತೆಗೆದರು. ಅವರು ಕೇಳಿದ್ದು ಇನ್ನೊಂದು ಅವಕಾಶ ಬೇಕೆ ಎಂದು. ಇವರು ಬೇಡವೆಂದದ್ದು ಗಡಿಬಿಡಿಯನ್ನು. ಆ ಕೋಣೆಯಲ್ಲಿ ಇದು ತಿಳಿದಿದ್ದವನು ಯಾರು? ಎತ್ತಿನವನ ಮಗ ಒಬ್ಬನೇ!

ನಾನು ಯಾವಾಗ ಎದ್ದುನಿಂತೆನೋ ನನಗೇ ಗೊತ್ತಿಲ್ಲ. "ತಾಯಿ, ಅವರು ಚಾನ್ಸ್ ಬೇಕಾ ಅಂತ ಕೇಳ್ತಿದಾರೆ! ಬೇಕು ಅನ್ನಿ!" ಎಂದು ಕನ್ನಡದಲ್ಲೇ ಕೂಗಿದೆ.

ಧಾರಿಣಿಯವರೂ ಎದ್ದರು. "ಬೇಕು! ಬೇಕು! ಬೇಕು!"

"ಯೇ ಬೇಕು ಕ್ಯಾ ಹೈ?" ಎಂದರು ಅಧ್ಯಕ್ಷರು. ವಿಷಯ ತಿಳಿಸಿದೆ. ಮತ್ತೆ ಇಡೀ ಕೋಣೆ ನಕ್ಕಿತು. ಈ ಸಲ ನಾನೂ ನಕ್ಕೆ. "ಅವಸರ್ ದಿಯಾ, ಅವಸರ ನಹೀಂ" ಎಂದು ಅವರು ಒಪ್ಪಿಗೆ ಬರೆದರು.

ಎಂಜಿನ್ ಪರೀಕ್ಷೆ ಗೆದ್ದಿತು. ರಕ್ಷಣೆಯ ಉಪಗ್ರಹಗಳಿಗೆ ಇನ್ನು ಹೊರಗಿನ ಎಂಜಿನ್ ಇಲ್ಲ ಎಂಬ ನಿಯಮವೂ ಬಂತು. ಕಳೆದ ತಿಂಗಳು ಆ ಎಂಜಿನ್ ಆಕಾಶಕ್ಕೆ ಏರಿದಾಗ ನಾನು ಟೀವಿ ಮುಂದೆ ನಿಂತು "ಬೇಕು! ಬೇಕು!" ಎಂದು ಕೂಗಿದೆ. ಏನಾಯಿತೋ ಎಂದು ಪಕ್ಕದ ಮನೆಯ ಪಂಜಾಬಿಗಳು ಓಡಿಬಂದರು. ಅವರಿಗೂ ಪಾಯಸ ಕೊಟ್ಟೆವು.

ಧಾರಿಣಿಯವರೇ, ಅಂದು ಅವಕಾಶ ಸಿಕ್ಕಿದ್ದು ನಿಮ್ಮ ಎಂಜಿನ್ನಿಗೆ ಮಾತ್ರವಲ್ಲ, ನನ್ನ ಬಾಯಿಗೂ ಸಿಕ್ಕಿತು. ಆಮೇಲೆ ಅದು ಮುಚ್ಚಿಲ್ಲ, ಸುಶೀಲಾಳನ್ನು ಕೇಳಿ.

ಜಗನ್ನಾಥರು ಗಡಿಯಾರ ತೋರಿಸುತ್ತಿದ್ದಾರೆ. ಅವಸರ ಮಾಡಿ ಎನ್ನುತ್ತಿದ್ದಾರೆ, ಕನ್ನಡದಲ್ಲಿ. ಮಾಡಿದೆ. ನನಗೆ ಅವಸರ ಕೊಟ್ಟಿದ್ದಕ್ಕೆ ನಿಮಗೆಲ್ಲ ಧನ್ಯವಾದ, ಇದು ಹಿಂದಿಯಲ್ಲಿ. ಇನ್ನು ನಮಸ್ಕಾರ. ಅದು ಎರಡರಲ್ಲೂ ಒಂದೇ.