ತಡವಾಗಿ ಬಿದ್ದ ಚಪ್ಪಾಳೆ

ನಗ್ಬೇಡ ಹಾರ್ಲನ್! ಬಾಯ್ತುಂಬ ಸ್ಕ್ರೂ ಇಟ್ಕೊಂಡು ಯಾರಾದ್ರೂ ನಗ್ತಾರೇನಯ್ಯ? ಒಂದು ಗಂಟಲಿಗೆ ಇಳಿದ್ರೆ, ಈ ವರ್ನಾ ಹೋಟ್ಲಲ್ಲಿ, ನನ್ನ ಕೈಯಡುಗೆ ತಿಂದು ಸತ್ತ ಅಂತ ಮೆಂಫಿಸ್ ತುಂಬ ಸುದ್ದಿ ಮಾಡ್ತಾರೆ. ನೀನು ಕಾಸು ನುಂಗಿ ಹಾಡೋ ನಿನ್ನ ಜೂಕ್‌ಬಾಕ್ಸ್ ಬಿಚ್ಚು, ನಾನು ಮಾತಾಡ್ತೀನಿ. ಹೊಸ ರೆಕಾರ್ಡಿಗೆ ಜಾಗ ಬೇಕು, ಹಳೇದೊಂದು ಹೋಗ್ಬೇಕು, ಅಷ್ಟೇ ತಾನೆ? ವೆಂಡೆಲ್ ಪೈಕ್‌ನ ರೆಕಾರ್ಡ್ ಕಿತ್ತು ಬಿಸಾಕು. ಲೂಥರ್ ಗ್ಯಾಂಟ್‌ನ ಮುಟ್ಟಿದ್ಯೋ, ಇವತ್ತು ನಿಂಗೆ ಪೀಚ್ ಪೈ ಇಲ್ಲ!

ಏನು ತಲೆ ಅಲ್ಲಾಡಿಸ್ತೀಯ? ವೆಂಡೆಲ್ ದೊಡ್ಡೋನಾ? ಅಯ್ಯೋ ನಿನ್ನ! ಲೂಥರ್ ಬಾರಿಸಿದ್ರೆ ಪಿಯಾನೋ ಕಾಲೇ ಮುರೀತಿತ್ತು. ಟುಪೆಲೋದಲ್ಲಿ ಪಾದ್ರಿ ಹೆಂಡ್ತಿ ಬೆಂಚು ಹತ್ತಿ ಕುಣಿದ್ಲು, ಕಣ್ಣಾರೆ ಕಂಡಿದ್ದೀನಿ. ವೆಂಡೆಲ್? ಕುಣಿಯೋಕೆ ಹೋಗಿ ಪ್ಯಾಂಟು ಹರ್ಕೊಂಡ. ಅವನ ತಲೇಲಿದ್ದ ಎಣ್ಣೇಲಿ ನಾನು ಒಂದು ವಾರ ಮೀನು ಕರೀಬಹುದಿತ್ತು!

ಹೂಂ, ಗೊತ್ತು, ಗೊತ್ತು. ವೆಂಡೆಲ್ ನನ್ನ ಗಂಡ ಆಗಿದ್ದ, ಬಿಟ್ಟು ಹೋದ, ಅದಕ್ಕೇ ಇವಳಿಗೆ ಹೊಟ್ಟೆಯುರಿ ಅಂತ ತಾನೆ ಆ ಹುಬ್ಬು ಏರಿಸಿದ್ದು? ಇಳಿಸು ಹುಬ್ಬು! ಹದಿಮೂರು ವರ್ಷ ಆಯ್ತು. ಮದುವೆ ಬೇರೆ, ಸಂಗೀತ ಬೇರೆ. ಕೆಟ್ಟ ಗಂಡ ಅಂತ ನಾನು ಹೇಳ್ತಿಲ್ಲ... ಕೆಟ್ಟ ಗಂಡನೇ, ಆದ್ರೆ ಈಗ ಅದನ್ನ ಹೇಳ್ತಿಲ್ಲ.

ಅವನ ಆ ರೆಕಾರ್ಡನ್ನೇ ನೋಡು. ಜೀವಮಾನದಲ್ಲಿ ಅವನು ಮಾಡಿದ್ದು ಅದೊಂದು. ಕಂಪನಿ ಮುಳುಗಿ ಹೋಯ್ತು, ಇನ್ನೆಲ್ಲೂ ಸಿಗೋದಿಲ್ಲ, ಜನರ ಪುಣ್ಯ! ಎರಡನೇ ಚರಣದಲ್ಲಿ ಎಲ್ಲರೂ ಒಟ್ಟಿಗೆ ಚಪ್ಪಾಳೆ ಹೊಡೀತಾರಲ್ಲ, ಅಲ್ಲಿ ಒಂದು ಮಾತ್ರ ತಡವಾಗಿ ಬೀಳುತ್ತೆ. ಟಪ್! ಎಲ್ಲಾ ಮುಗಿದ್ಮೇಲೆ, ಒಂಟಿಯಾಗಿ. ಯಾವಳೋ ದಡ್ಡಿ... ಯಾವನೋ ದಡ್ಡ. ಇದೂ ಒಂದು ವಾದ್ಯಗೋಷ್ಠಿ!

ಯಾರೂ ಕೇಳಲ್ಲ ಕಣಯ್ಯ ಅದನ್ನ. ಬರೋ ಲಾರಿ ಡ್ರೈವರ್‌ಗಳೆಲ್ಲ ಲೂಥರ್, ಲೂಥರ್, ಲೂಥರ್...

ಏನದು ಬೆರಳು ತೋರಿಸ್ತಿರೋದು? ಮೀಟರಾ? ಯಾವ ಹಾಡು ಎಷ್ಟು ಸಲ ಓಡ್ತು ಅಂತ ಒಳಗೇ ಲೆಕ್ಕ ಇಡುತ್ತಾ ಇದು? ಯಾವಾಗಿಂದ? ಮೊದಲಿಂದಲೂನಾ?... ಲೂಥರ್ ಮೂವತ್ತು. ವೆಂಡೆಲ್... ಇನ್ನೂರ ಹನ್ನೊಂದು. ಕೆಟ್ಟಿದೆ ನಿನ್ನ ಮೀಟರು! ಇಲಿ ಹೊಕ್ಕಿರ್ಬೇಕು. ಇಲ್ಲಾ ಆ ಸ್ಕೂಲು ಹುಡುಗೀರು, ಮಧ್ಯಾಹ್ನ ಬರ್ತವಲ್ಲ...

ಕಾಸಿನ ಡಬ್ಬಿ ಯಾಕೆ ಸುರೀತೀಯ? ಈಗ ತಾನೇ ಕಟ್ಟೆ ಒರೆಸಿದೀನಿ! ಹೂಂ, ನೋಡಿದೆ. ರಾಶಿ ಕೆಂಪು ಕಾಸು. ಹೋಟ್ಲು ಖಾಲಿ ಇದ್ದಾಗ ಹಾಡು ಹಚ್ಚಮ್ಮ ಅಂತ ನೀನೇ ಉಗುರುಬಣ್ಣ ಬಳಿದು ಕೊಟ್ಟಿದ್ದು, ನಾನು ಹಾಕಿದ್ದನ್ನ ಗುರುತು ಹಿಡಿದು ನಂಗೇ ವಾಪಸ್ ಕೊಡೋಕೆ. ಬೇರೆ ಯಾರ ಹತ್ರಾನೂ ಇಲ್ಲ, ಗೊತ್ತು. ಹಾಕಿದೀನಿ. ಲೂಥರ್‌ಗೆ ಹಾಕಿದೀನಿ!

ಬಾಯಿಂದ ಸ್ಕ್ರೂ ತೆಗೆದ್ಯಲ್ಲ, ಮಾತಾಡು ಮತ್ತೆ. ಆಡ್ಕೊಂಡು ನಗು! ಹಾರ್ಲನ್?... ಹಾಗೆ ನೋಡ್ಬೇಡ ಕಣೋ. ನಕ್ಕಿದ್ರೇ ಚೆನ್ನಾಗಿತ್ತು.

ಬೆಳಿಗ್ಗೆ ವೆಂಡೆಲ್ ಹಾಡು ಹಚ್ತೀನಿ, ಬಾಗಿಲು ತೆಗೆಯೋ ಮುಂಚೆ. ಈರುಳ್ಳಿ ಹೆಚ್ತಾ. ಹಾಡು ಕೇಳಲ್ಲ ನಾನು, ದೇವರಾಣೆ. ಆ ಚಪ್ಪಾಳೆಗೆ ಕಾಯ್ತೀನಿ. ಆ ರೆಕಾರ್ಡ್ ಮಾಡಿದಾಗ ನಂಗೆ ಇಪ್ಪತ್ತೆರಡು ವರ್ಷ. ಅವನು ಮೈಕಿನ ಮುಂದೆ ನಿಂತು ನನ್ನನ್ನೇ ನೋಡ್ಕೊಂಡು ಹಾಡ್ತಿದ್ದ. ನಾನೂ ನೋಡ್ತಾ ನಿಂತ್ಬಿಟ್ಟೆ... ನನ್ನ ಚಪ್ಪಾಳೆ ತಡ ಆಗೋಯ್ತು. ಇನ್ನೊಂದ್ಸಲ ಹಾಡೋಷ್ಟು ಹೊತ್ತಿರಲಿಲ್ಲ, ಹಾಗೇ ಅಚ್ಚು ಹಾಕಿದ್ರು.

ಲೂಥರೇ ದೊಡ್ಡೋನು. ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಅವನ ಯಾವ ಹಾಡಲ್ಲೂ ನಾನಿಲ್ವಲ್ಲ, ಹಾರ್ಲನ್.

ಲೂಥರ್‌ನ ತೆಗಿ. ಬಾ, ಪೈ ಬಿಸಿಯಾಗಿದೆ.