ಮೋಡಗಲ್ಲು ಬಿಚ್ಚಿದ್ದು

ದೀಪ ಸ್ವಲ್ಪ ಸಣ್ಣ ಮಾಡಿ... ಹಾಂ, ಸಾಕು.

ಇದು ನಮ್ಮ ದೊಡ್ಡಮ್ಮನ ಮಗಳಿಗೆ ಆಗಿದ್ದು. ಕಲ್ಲಿಗೆ ಸಾಣೆ ಹಿಡಿಯುವವಳು, ಹಾಗಾಗಿ ಊರಿಗೆಲ್ಲ ಸಾಣೆಯಕ್ಕ. ಅವತ್ತು ಕತ್ತಲಾದ ಮೇಲೆ ಆಲದಮರದ ಬಾವಿಯ ದಾರಿಯಲ್ಲಿ ಒಬ್ಬಳೇ ಮನೆಗೆ ಬರುತ್ತಿದ್ದಳು. ಸೊಂಟದ ಮೇಲೆ ಬಟ್ಟೆ ಸುತ್ತಿದ ಕಲ್ಲು, ಕೂಸನ್ನು ಎತ್ತಿಕೊಂಡ ಹಾಗೆ. ತಲೆಯೊಳಗೆ ಮಾತ್ರ ಬೆಂಕಿ.

ಮೋಡಗಲ್ಲು ಅಂದರೆ ಏನು ಅಂತ ಮೊದಲು ಹೇಳಿಬಿಡ್ತೀನಿ. ಗಣಿಯಿಂದ ಬಂದಾಗ ಅದು ಬರೀ ಬೂದು ಬಣ್ಣದ ಬಂಡೆ ಚೂರು, ದಾರಿಯಲ್ಲಿ ಬಿದ್ದಿದ್ದರೆ ಯಾರೂ ಒದೆಯುವುದೂ ಇಲ್ಲ. ಸಾಣೆಚಕ್ರಕ್ಕೆ ಕೊಟ್ಟು, ತೊಗಲಲ್ಲಿ ತೀಡಿ, ಕೊನೆಗೆ ಒದ್ದೆ ಅಂಗೈಯಲ್ಲಿ ತಿಕ್ಕುತ್ತಾ ಹೋದರೆ, ಯಾವುದೋ ಒಂದು ಗಳಿಗೆಯಲ್ಲಿ ಕಲ್ಲು ತಿಳಿನೀರಿನ ಹಾಗಾಗಿ, ಒಳಗೆ ಸಣ್ಣದೊಂದು ಮೋಡ ಮೆಲ್ಲಗೆ ಅಲೆಯೋಕೆ ಶುರುವಾಗುತ್ತದೆ. ಅದಕ್ಕೆ ಕಲ್ಲು ಬಿಚ್ಚಿತು ಅನ್ನುತ್ತಾರೆ. ಬಿಚ್ಚಿದ ಕಲ್ಲನ್ನು ಉಂಗುರಕ್ಕೆ, ಬಾಗಿಲಿಗೆ ಕೂರಿಸಿಕೊಳ್ಳೋಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ದೊಡ್ಡ ಕಲ್ಲಾದರೆ ಇನ್ನೊಂದು ಗುಣ. ಬಿರುಗಾಳಿಗೆ ಮುಂಚೆ ಒಳಗಿನ ಮೋಡ ಕಪ್ಪಾಗುತ್ತದೆ.

ಸಾಣೆಯಕ್ಕನ ಹತ್ತಿರ ಇದ್ದದ್ದು ತೆಂಗಿನಕಾಯಿ ಗಾತ್ರದ್ದು. ಸರೋವರದ ದೋಣಿಕಟ್ಟೆಯ ಕಂಬಕ್ಕೆ ಕೂರಿಸಬೇಕಾದ್ದು. ಹಳೇ ಕಲ್ಲು ಒಡೆದುಹೋದ ಮೇಲೆ ದೋಣಿಯವರೆಲ್ಲ ಆಕಾಶ ನೋಡಿ ಅಂದಾಜಿನ ಮೇಲೆ ಹೋಗುತ್ತಿದ್ದರು. ಅವಳ ಗಂಡನೂ ದೋಣಿಯವನೇ. ಆಗಲೇ ಒಮ್ಮೆ ದೋಣಿ ಕಳಕೊಂಡು, ಹಲಗೆಯೊಂದನ್ನು ತಬ್ಬಿಕೊಂಡು ದಡ ಸೇರಿದ್ದ.

ಆದರೆ ಈ ಕಲ್ಲು... ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ.

ಅಂಗೈ ಸಿಪ್ಪೆ ಎದ್ದಿತು. ಸಂಜೆ ಹೊತ್ತಿಗೆ ಅಂಚಿನಲ್ಲಿ ಒಂಚೂರು ತಿಳಿಯಾದ ಹಾಗೆ ಕಾಣುವುದು, ಬೆಳಗಾದರೆ ಮತ್ತೆ ಅದೇ ಬೂದಿ ಮುಖ. ಇದರ ಮೇಲೆ ಜನರ ಕಾಟ. ಕಲ್ಲಿನ ಸಾಹುಕಾರ ಬಾಗಿಲಲ್ಲೇ ನಿಂತು, "ಏನಮ್ಮಾ, ಬಿಚ್ಚಿತಾ?" ಅತ್ತೆ ತಟ್ಟೆ ಇಡುತ್ತಾ, "ಬಿಚ್ಚಿತೇನೇ?" ಗಂಡ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಾ, "ಬಿಚ್ಚಿತಾ?"

"ರೀ, ಬಿಚ್ಚಿದರೆ ಡಂಗುರ ಹೊಡೆಸ್ತೀನಿ. ಸುಮ್ಮನೆ ಮಲಗಿ!"

ಅವತ್ತಂತೂ ಸಾಹುಕಾರ ಹೇಳಿಯೇಬಿಟ್ಟಿದ್ದ. "ನಿನ್ನ ಕೈಲಿ ಆಗಲ್ಲಮ್ಮ. ನಾಳೆ ಬೇರೆಯವರಿಗೆ ಕೊಡ್ತೀನಿ." ಅವತ್ತೇ ರಾತ್ರಿ ಗಂಡ ಸರಕು ತುಂಬಿಕೊಂಡು ಆಚೆ ದಡಕ್ಕೆ ಹೊರಡುವವನಿದ್ದ.

ಬಾವಿ ಹತ್ತಿರ ಬಂದಳು. ಗಾಳಿ ಇಲ್ಲ. ಎಲೆ ಅಲ್ಲಾಡುತ್ತಿಲ್ಲ. ಬಾವಿಯ ರಾಟೆ ಮಾತ್ರ ಕಿರ್ರ್... ಅಂತ ಅರ್ಧ ಸುತ್ತು ತಿರುಗಿ ನಿಂತಿತು. ಆಮೇಲೆ ಕಿವಿಯ ಪಕ್ಕದಲ್ಲೇ...

"ಬಿಚ್ಚಿತಾ?"

ಬೇರೆ ಯಾರಾದರೂ ಆಗಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ಇವಳಿಗೆ ಸಿಟ್ಟು ನೆತ್ತಿಗೇರಿತು.

"ಇಲ್ಲ! ಬಿಚ್ಚಿಲ್ಲ! ಎಲ್ಲರೂ ಕೇಳೋರೇ, ಒಬ್ಬರಾದ್ರೂ ಕೈ ಹಾಕ್ತೀರಾ? ಅಷ್ಟು ಅವಸರ ಇದ್ರೆ ನೀನೇ ತಿಕ್ಕು. ತಗೋ!"

ಕಲ್ಲನ್ನು ಬಟ್ಟೆಯಿಂದ ಬಿಡಿಸಿ ಬಾವಿಕಟ್ಟೆ ಮೇಲೆ ಧೊಪ್ಪಂತ ಇಟ್ಟಳು. ತಿರುಗಿ ಹೊರಟಳು. ಸ್ವಲ್ಪ ದೂರ ಹೋಗಿರಬೇಕು... ಹಿಂದಿನಿಂದ ಸದ್ದು.

ಸರ್ರ್... ಸರ್ರ್... ಸರ್ರ್...

ಚಕ್ರದ ಸದ್ದಲ್ಲ. ತೊಗಲಿನ ಸದ್ದೂ ಅಲ್ಲ. ಒದ್ದೆ ಅಂಗೈ ಕಲ್ಲಿನ ಮೇಲೆ ಓಡುವ ಸದ್ದು. ಅದು ಅವಳಿಗೆ ಗೊತ್ತಿಲ್ಲದ್ದೇ? ಸಿಟ್ಟು ಸರಕ್ಕನೆ ಇಳಿಯಿತು. ಅಲ್ಲೇ ನಿಂತಳು.

"ಯಾ... ಯಾರದು?"

ಸರ್ರ್... ಸರ್ರ್...

"ತಿರುಗಬೇಡ," ಅಂದಿತು ಪಿಸುದನಿ. ಸ್ವಲ್ಪ ಬಿಟ್ಟು, "ನೀನು ಅಷ್ಟು ಗಟ್ಟಿಯಾಗಿ ಒತ್ತಬಾರದು."

ಅಂಥ ಹೊತ್ತಿನಲ್ಲೂ ಅವಳಿಗೆ ಮೈ ಉರಿಯಿತಂತೆ. ಬುದ್ಧಿ ಬಂದಾಗಿನಿಂದ ಕಲ್ಲು ತಿಕ್ಕಿದವಳಿಗೆ ಇದೊಂದು ಬಂದು ಪಾಠ ಹೇಳುವುದೇ! ಆದರೆ ತಿರುಗಲಿಲ್ಲ. ಹಲ್ಲು ಕಚ್ಚಿಕೊಂಡು ನಿಂತಳು.

ಸದ್ದು ನಿಂತಿತು. ಟಪ್... ಟಪ್... ಅಂತ ನೀರು ತೊಟ್ಟಿಕ್ಕಿತು. ಅದೂ ನಿಂತಿತು.

ತಿರುಗಿ ನೋಡಿದಳು. ಯಾರೂ ಇಲ್ಲ. ಕಟ್ಟೆಯ ಮೇಲೆ ಕಲ್ಲು ಬಿಚ್ಚಿಕೊಂಡು ಕೂತಿತ್ತು. ಒಳಗೆ ಮೋಡ... ಕಡುಕಪ್ಪು. ಕುದಿಯುವ ಮಡಕೆಯ ಹಾಗೆ ಸುತ್ತುತ್ತಿತ್ತು.

ಸೆರಗಿನಲ್ಲಿ ಕಲ್ಲು ಅವುಚಿಕೊಂಡು ದೋಣಿಕಟ್ಟೆಗೆ ಓಡಿದಳು. ಗಂಡ ಲಾಂದ್ರ ಕಟ್ಟಿ, ಹಗ್ಗ ಬಿಚ್ಚೋಕೆ ಬಗ್ಗಿದ್ದ.

"ಇಳೀರಿ! ಯಾರೂ ಹೋಗಬೇಡಿ!"

"ಏನೇ, ಬಿಚ್ಚಿತಾ?"

"ಬಾಯಿ ಮುಚ್ಚಿಕೊಂಡು ಇಳೀರಿ ಅಂದ್ರೆ!"

ದೋಣಿಗಳನ್ನು ಎಳೆದು ದಡಕ್ಕೆ ಹಾಕುವಷ್ಟರಲ್ಲಿ ಗಾಳಿ ಬಂತು. ಎಂಥ ಗಾಳಿ ಅಂತೀರಿ! ಅಲೆ ಕಟ್ಟೆ ಹತ್ತಿ ಉಗ್ರಾಣದ ಬಾಗಿಲು ಕಿತ್ತುಕೊಂಡು ಹೋಯಿತು. ನೀರಿನ ಮೇಲೆ ಒಂದು ದೋಣಿಯಾದರೂ ಇದ್ದಿದ್ದರೆ ಅದರವರ ಹೆಸರು ಹೇಳೋಕೆ ಇವತ್ತು ಯಾರೂ ಇರುತ್ತಿರಲಿಲ್ಲ.

ಬೆಳಿಗ್ಗೆ ಸಾಹುಕಾರ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದ. "ಆಹಾ, ಇಂಥ ಕೈ ಬೇರೆ ಯಾರಿಗಿದೆ!"

"ನಾನು ಮಾಡಿದ್ದಲ್ಲ," ಅಂದಳು ಸಾಣೆಯಕ್ಕ.

"ನೋಡಿ ನೋಡಿ, ಎಷ್ಟು ವಿನಯ!"

"ವಿನಯ ಅಲ್ಲ ಸ್ವಾಮಿ. ನಾನು ಮಾಡಿಲ್ಲ!"

ಎಲ್ಲರೂ ನಕ್ಕರು. ಅವಳು ತಲೆ ಚಚ್ಚಿಕೊಂಡಳು. ಗಂಡನಾದರೂ ನಂಬಲಿ ಅಂತ ಎಲ್ಲ ಬಿಡಿಸಿ ಹೇಳಿದರೆ, "ನಿದ್ದೆಗೆಟ್ಟಿದ್ದೆ ನೀನು" ಅಂತ ಬೆನ್ನು ತಟ್ಟಿದ. ಈಗ ಬರುವವರೆಲ್ಲ ಕೇಳುವುದು ಅದೇ ಕಲ್ಲಿನಂಥ ಕೆಲಸ. ಅವಳ ಕೈಗೆ ಅದು ಬರುವುದಿಲ್ಲ. ಹಗುರವಾಗಿ ಒತ್ತಿ ನೋಡಿದಳು, ಒತ್ತದೆ ನೋಡಿದಳು. ಬೇರೆ ಕಲ್ಲು ತಗೊಂಡು ಹೋಗಿ ಬಾವಿಕಟ್ಟೆ ಮೇಲಿಟ್ಟು ಕಾದಳು. "ಯಾರು ಅಂತಾದ್ರೂ ಹೇಳು ಮಾರಾಯ," ಅಂತ ಗೋಗರೆದಳು. ರಾಟೆ ಕೂಡ ಅಲ್ಲಾಡಲಿಲ್ಲ.

ಆ ಕಲ್ಲನ್ನು ಕಂಬಕ್ಕೆ ಕೂರಿಸಿದ ಗಾರೆ ಕೆಲಸದವನು ನನಗೆ ಚೆನ್ನಾಗಿ ಗೊತ್ತು. ಎಷ್ಟು ಒರೆಸಿದರೂ ಕಲ್ಲು ಒದ್ದೆ, ಗಾರೆ ಹಿಡಿಯುವುದೇ ಇಲ್ಲ. ಬೇಸತ್ತು, ಆ ನೀರನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿ ನೋಡಿದನಂತೆ.

ಉಪ್ಪು.

ನಮ್ಮ ಬಾವಿ ಸಿಹಿ. ಸರೋವರ ಸಿಹಿ. ಸಮುದ್ರ ಕಂಡವರು ನಮ್ಮಲ್ಲಿ ಒಬ್ಬರೂ ಇಲ್ಲ. ಆ ಒದ್ದೆ ಅಂಗೈ ಯಾವ ನೀರಿಂದ ಎದ್ದು ಬಂದಿತ್ತೋ! ಸುಳ್ಳು ಹೇಳಿ ನನಗೇನಾಗಬೇಕು? ಹೋಗಿ ಮುಟ್ಟಿ ನೋಡಿ... ಇವತ್ತಿಗೂ ಒಣಗಿಲ್ಲ.